ಹರಿವಾಣದ ಜೊತೆ ಸ್ಕಾಟ್ಲೆಂಡಿಗೆ

ದೇವಬಾಗ

ಬಾಣಂತನ ಮಾಡಲೆಂದು ವಿಮಾನ ಹತ್ತಿದವರು ನಮ್ಮ ಕೇರಿಯಲ್ಲಿ ನನಗಿಂತ ಮೊದಲು ಯಾರೂ ಇಲ್ಲ. ಅಕ್ಕನ ಮಗಳು ಸುಜಾತಾ ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಗಂಡ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಹೆರಿಗೆಯ ಹೊತ್ತಿಗೆ ಅವನ ಹಡಗು ಬ್ರೆಜಿಲ್ ದಾರಿಯಲ್ಲಿರುತ್ತದೆ ಎಂದು ಮೊದಲೇ ಗೊತ್ತಾಗಿತ್ತು. ನ್ಯಾಯವಾಗಿ ಹೋಗಬೇಕಾದವಳು ಅಕ್ಕ. ಅವಳ ಪಾಸ್‌ಪೋರ್ಟೂ ಬಂದಿತ್ತು. ಟಿಕೆಟ್ ತೆಗೆಸುವ ಹೊತ್ತಿಗೆ ಮಾತ್ರ ಅವಳು ಜಗಲಿಯಿಂದ ಏಳಲಿಲ್ಲ.

"ಸಮುದ್ರದ ಮೇಲಿಂದ ಹಾರುಕೆ ನನ್ ಹತ್ರ ಆಗುದಿಲ್ಲ ತಂಗಿ. ಕೆಳಗೆ ನೋಡಿರೆ ಅವ್ರನ್ನೇ ಹುಡುಕೂ ಹಾಂಗ್ ಆಗ್ತದೆ. ನೀನೇ ಹೋಗು."

ಅವ್ರು ಅಂದರೆ ನಮ್ಮ ಬಾವ. ಸುಜಾತಾ ಇನ್ನೂ ತೊಟ್ಟಿಲಲ್ಲಿದ್ದಾಗ ಒಂದು ಬೆಳಿಗ್ಗೆ ದೋಣಿ ನೂಕಿಕೊಂಡು ಹೋದವರು ತಿರುಗಿ ಬರಲಿಲ್ಲ. ಅವರೂ ಸಿಗಲಿಲ್ಲ, ದೋಣಿಯೂ ಸಿಗಲಿಲ್ಲ. ಆಮೇಲೂ ಅಕ್ಕ ಅದೇ ದೇವಬಾಗದ ಮರಳಿನ ಮೇಲೆ, ಅದೇ ಸಮುದ್ರದ ಮೀನು ಮಾರಿ ಮಗಳನ್ನು ಓದಿಸಿದಳು. ಸಮುದ್ರದ ಜೊತೆ ಅವಳಿಗೆ ಮಾತಿಲ್ಲ, ವ್ಯವಹಾರ ಮಾತ್ರ ಇದೆ.

ಹೀಗಾಗಿ ಹೊರಟವಳು ನಾನು. ಕಾರವಾರದ ಹಬ್ಬುವಾಡದಲ್ಲಿ ಒಬ್ಬಳೇ ಇರುವವಳು, ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಕಳೆದು ನಿವೃತ್ತಿ ಪಡೆದವಳು. ಟ್ರಂಕ್ ಕಾಲ್ ಜೋಡಿಸಿ ಜೋಡಿಸಿ ಇಂಗ್ಲಿಷ್ ಬಂತು, ಜೊತೆಗೆ ಒಂದು ಕೆಟ್ಟ ಚಟವೂ ಬಂತು: ಜನರ ಮುಖಕ್ಕಿಂತ ಮೊದಲು ಅವರ ದನಿ ಕೇಳಿ ಅವರು ಎಂಥವರೆಂದು ತೀರ್ಮಾನಿಸಿಬಿಡುತ್ತೇನೆ. ತಪ್ಪುವುದು ಕಡಿಮೆ.

ಅಕ್ಕ ಕಟ್ಟಿಕೊಟ್ಟ ಗಂಟಿನಲ್ಲಿ ಓಮ, ಬೆಲ್ಲ, ಬಾಣಂತಿಯ ಲೇಹ್ಯ, ಒಣ ಸಿಗಡಿ ಎಲ್ಲ ಇದ್ದವು. ಅದೆಲ್ಲದರ ಮೇಲೆ ಹಳೆ ಸೀರೆಯಲ್ಲಿ ಸುತ್ತಿದ ಹರಿವಾಣ. ಇದರ ಕತೆ ಇಲ್ಲಿಯೇ ಹೇಳಿಬಿಡಬೇಕು.

ನಮ್ಮ ಆಯಿಯ, ಅಂದರೆ ತಾಯಿಯ, ತವರು ಅಂಕೋಲೆಯ ಕಡೆ, ಸಮುದ್ರದ ದಂಡೆಯಲ್ಲೇ. ಯುದ್ಧದ ಕಾಲದಲ್ಲಿ ಅಂಕೋಲೆಯ ಅಜ್ಜ ರಂಪಣಿ ಎಳೆಯುವವರಲ್ಲಿ ಒಬ್ಬ. ರಂಪಣಿ ಅಂದರೆ ಇಡೀ ಊರು ದಂಡೆಯಲ್ಲಿ ನಿಂತು ಎಳೆಯುವ ದೊಡ್ಡ ಬಲೆ; ಬಿದ್ದ ಮೀನು ಎಲ್ಲರಿಗೂ ಪಾಲಾಗುತ್ತದೆ. ಮೀನಲ್ಲದ ವಸ್ತು ಬಂದರೆ ಏನು ಮಾಡುವುದು? ಅಜ್ಜನ ಗುಂಪಿನವರಲ್ಲಿ ಒಂದು ರೂಢಿಯಿತ್ತಂತೆ. ಪಾಲು ಮಾಡಲಾಗದ್ದು ಬಲೆಗೆ ಬಂದರೆ, ಯಾರ ಮನೆಯಲ್ಲಿ ಬಸುರಿ ಇದ್ದಾಳೋ ಆ ಮನೆಗೆ. ಒಂದು ದಿನ ಬಂಗಡೆಯ ಜೊತೆ ಹೊಳೆಯುವ ತಗಡೊಂದು ಬಂತು. ಆಗ ಆಯಿಯ ಹೊಟ್ಟೆಯಲ್ಲಿ ಅಕ್ಕ ಇದ್ದಳು. ಅಜ್ಜ ತಗಡಿನ ಅಂಚನ್ನು ಕಲ್ಲಿನ ಮೇಲಿಟ್ಟು ಬಡಿದು ಮೇಲಕ್ಕೆ ಮಡಿಸಿದ. ಮಗು ಮಲಗುವಷ್ಟು ದೊಡ್ಡ ಹರಿವಾಣವಾಯಿತು.

ಅಂದಿನಿಂದ ನಮ್ಮ ಮನೆಯ ಪ್ರತಿ ಕೂಸಿನ ಬಾರ್ಸೊ, ಅಂದರೆ ಹನ್ನೆರಡನೆಯ ದಿನದ ಹೆಸರಿಡುವ ಶಾಸ್ತ್ರ, ಅದರಲ್ಲೇ. ತಳಕ್ಕೆ ಅಕ್ಕಿ ಹರಡಿ, ಮೇಲೆ ಬಟ್ಟೆ ಹಾಸಿ, ಕೂಸನ್ನು ಮಲಗಿಸಿ ಕಿವಿಯಲ್ಲಿ ಹೆಸರು ಹೇಳುತ್ತಾರೆ. ಹರಿವಾಣ ಮನೆಯ ಹಿರಿಯ ಹೆಣ್ಣಿನ ಹತ್ತಿರ ಇರುತ್ತದೆ; ಹೊರಗಿನವರಿಗೆ ಕೊಡುವಂತಿಲ್ಲ, ಮಾರುವುದಂತೂ ಇಲ್ಲವೇ ಇಲ್ಲ. ಅದು ಯಾವುದೋ ಹಡಗಿನ ತಗಡೆಂದು ನಾವೆಲ್ಲ ನಂಬಿದ್ದೆವು.

"ಬಾರ್ಸೊ ಆದ ಕೂಡ್ಲೆ ತಿರುಗಿ ತಕಂಬಾ. ಅಲ್ಲೇ ಮರ್ತು ಬಂದ್ರೆ ನಿಂಗೆ ಮನಿ ಒಳಗೆ ಜಾಗಿಲ್ಲ," ಅಂದಳು ಅಕ್ಕ. ಅರ್ಧ ತಮಾಷೆ, ಅರ್ಧ ನಿಜ.

ಗೋವೆಯ ವಿಮಾನ ನಿಲ್ದಾಣ

ಹರಿವಾಣ ಸೂಟ್‌ಕೇಸಿಗೆ ಹಿಡಿಸಲಿಲ್ಲ. ಕಂಕುಳಲ್ಲಿ ಹಿಡಿದುಕೊಂಡೇ ತಪಾಸಣೆಗೆ ಹೋದೆ. ಅಲ್ಲಿದ್ದ ಅಧಿಕಾರಿ ಸೀರೆ ಬಿಚ್ಚಿಸಿ, ಬೆರಳಿನಿಂದ ಕುಟ್ಟಿ ನೋಡಿದ. ಅಂಚಿನುದ್ದಕ್ಕೂ ಸಾಲಾಗಿದ್ದ ಸಣ್ಣ ಸಣ್ಣ ಬೊಟ್ಟುಗಳನ್ನು ಎಣಿಸುವವನಂತೆ ನೋಡಿದ. ಏನಿದು ಬಾಯಿ, ಅಂದರೆ ಅಮ್ಮಾ, ಎಂದು ಕೊಂಕಣಿಯಲ್ಲಿ ಕೇಳಿದ. ಮೊಮ್ಮಗುವನ್ನು ಮಲಗಿಸಲು ಎಂದೆ.

"ಆ ದೇಶದಲ್ಲಿ ತಾಟು ಸಿಗುವುದಿಲ್ಲವೇ ಬಾಯಿ?"

"ಸಿಗುತ್ತದೆ. ಅಕ್ಕನ ಬೈಗುಳ ತಪ್ಪಿಸುವಂಥದ್ದು ಸಿಗುವುದಿಲ್ಲ."

ಅವನಿಗೂ ಅಕ್ಕ ಇದ್ದಳೆಂದು ಕಾಣುತ್ತದೆ, ಬಿಟ್ಟುಬಿಟ್ಟ. ಮುಂಬಯಿಯಿಂದ ಮುಂದಿನ ವಿಮಾನದಲ್ಲಿ ನನ್ನ ಪಕ್ಕ ಕೂತ ಗೃಹಸ್ಥರು ಸ್ವಲ್ಪ ಹೊತ್ತಿಗೆ ಮೂಗು ಅರಳಿಸಿದರು, ಆಮೇಲೆ ಗಗನಸಖಿಯ ಹತ್ತಿರ ಏನೋ ಪಿಸುಗುಟ್ಟಿ ಬೇರೆ ಸೀಟಿಗೆ ಹೋದರು. ಒಣ ಸಿಗಡಿಯ ಪ್ರತಾಪ. ಎರಡು ಸೀಟು ನನ್ನದಾದವು. ಕಿಟಕಿಯಿಂದ ಕೆಳಗೆ ನೋಡಿದೆ. ಬರೀ ನೀಲಿ. ಅಕ್ಕ ಬರದಿದ್ದದ್ದೇ ಒಳ್ಳೆಯದಾಯಿತು ಅನಿಸಿತು.

ಹೆಸರು ಬರೆಯಲಾಗದ ಊರು

ಸುಜಾತಾ ಇರುವ ಊರಿನ ಹೆಸರನ್ನು ನಾನು ಹೇಳಿದಾಗಲೆಲ್ಲ ಅಲ್ಲಿಯವರು ಸಭ್ಯವಾಗಿ ನಕ್ಕರು. ಕನ್ನಡದಲ್ಲಿ ಬರೆದರೆ ಇನ್ನೂ ಕೆಡುತ್ತದೆ, ಆದ್ದರಿಂದ ಬರೆಯುವುದಿಲ್ಲ. ಪಶ್ಚಿಮ ಕರಾವಳಿಯ ಸಣ್ಣ ಬಂದರು ಅಷ್ಟೆ. ಎದುರಿಗೆ ದ್ವೀಪಗಳು, ಹಿಂದೆ ಗುಡ್ಡ. ಮೊದಲ ದಿನ ದೂರದಿಂದ ನೋಡಿ ನಮ್ಮ ಕಾರವಾರವೇ ಅಂದುಕೊಂಡು ಖುಷಿಯಿಂದ ನೀರಿಗೆ ಕೈ ಹಾಕಿದೆ. ಬೆರಳು ಮರಗಟ್ಟಿ, ಚಾ ಲೋಟ ಹಿಡಿಯಲು ಬಹಳ ಹೊತ್ತು ಬೇಕಾಯಿತು.

ಅಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಧನ್ಯವಾದ ಹೇಳುತ್ತಾರೆ. ನಮ್ಮ ಅಂಕೋಲೆ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು ತನಗೇನೋ ಅಂದರೆಂದು ಬಸ್ಸು ನಿಲ್ಲಿಸಿ ಕೇಳಿಯಾನು. ಮೀನಂಗಡಿಯಲ್ಲಿ ತಲೆ, ಮುಳ್ಳು, ಚರ್ಮ ಯಾವುದೂ ಇಲ್ಲದ ಬಿಳಿ ತುಂಡುಗಳು. ತಲೆ ಎಲ್ಲಿ ಎಂದು ಕೇಳಿದೆ. ಅಂಗಡಿಯವಳು ಮರುಕದಿಂದ, ನಿಮ್ಮ ಮನೆಯಲ್ಲಿ ಎಷ್ಟು ಬೆಕ್ಕುಗಳಿವೆ ಎಂದು ವಿಚಾರಿಸಿ ಒಂದು ಚೀಲ ತಲೆ ಪುಕ್ಕಟೆ ಕೊಟ್ಟಳು. ತೆಂಗಿನಕಾಯಿ, ಮುರುಗಲ ಹುಳಿ ಹಾಕಿ ಮಾಡಿದ ಆ ಸಾರನ್ನು ನಾನೂ ಸುಜಾತಾಳೂ ಬೆಕ್ಕುಗಳಂತೆಯೇ ಉಂಡೆವು.

ಕೂಸು ಹೆಣ್ಣು. ಅಕ್ಕನದೇ ಹಣೆ. ಫೋನಿನಲ್ಲಿ ಕೂಸಿನ ಅಳು ಕೇಳಿಸಿದಾಗ ಅಕ್ಕ ಆ ಕಡೆಯಿಂದ ಕೇಳುತ್ತಲೇ ಇದ್ದಳು. ಆಮೇಲೆ ನನಗೆ ಆ ಊರಿನಲ್ಲಿ ಮನಸ್ಸು ನಿಲ್ಲದಂತಾಯಿತು. ಅಲ್ಲಿ ಸಂಜೆ ಮುಗಿಯುವುದೇ ಇಲ್ಲ, ಊಟವಾದ ಮೇಲೂ ಆಕಾಶ ಬೆಳ್ಳಗಿರುತ್ತದೆ. ಕಾಳಿ ನದಿಯ ಬಾಯಿಯಲ್ಲಿ ಬೇಗ ಬೇಗ ಕತ್ತಲಾಗುವುದನ್ನು ನೆನೆದು ನನಗೆ ಮನೆಯ ಆಸೆ ಹತ್ತುತ್ತಿತ್ತು.

ಬಾರ್ಸೊ

ಹನ್ನೆರಡನೆಯ ದಿನ ಕೂಸಿನ ಅತ್ತೆ ಹೇಳಬೇಕಾದ ಹೆಸರನ್ನು ನಾನೇ ಹೇಳಿದೆ. ಮೀರಾ. ಹಿಂದಿನ ದಿನವೇ ಹರಿವಾಣವನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ತಿಕ್ಕಿದ್ದೆ. ಅಲ್ಲಿ ಬೂದಿಯಿಲ್ಲ, ತೆಂಗಿನ ನಾರಿಲ್ಲ. ಸುಜಾತಾ ಕೊಟ್ಟ ಹಸಿರು ಸ್ಪಂಜು ನನಗೆ ಸಮಾಧಾನ ಕೊಡಲಿಲ್ಲ.

ಪಕ್ಕದ ಮನೆಯ ಡಂಕನ್, ತನ್ನ ಹೆಂಡತಿ ಹೆಣೆದ ಟೊಪ್ಪಿಗೆ ಹಿಡಿದುಕೊಂಡು ಬಂದಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದ ಮುದುಕ, ಗಂಟಲಿನಲ್ಲೇ ನಗುವ ದನಿ, ನಂಬಬಹುದಾದ ಮನುಷ್ಯ. ಎಲ್ಲರೂ ಕೂಸನ್ನು ನೋಡುತ್ತಿದ್ದರೆ ಅವನು ಹರಿವಾಣ ನೋಡುತ್ತಿದ್ದ. ಕೂಸನ್ನು ಎತ್ತಿಕೊಂಡ ಮೇಲೆ ಹತ್ತಿರ ಬಂದು, ಆ ಬೊಟ್ಟುಗಳ ಸಾಲಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಎಲ್ಲಿಯದು?"

ಸಮುದ್ರದಲ್ಲಿ ಸಿಕ್ಕಿದ್ದು, ಯುದ್ಧದ ಕಾಲದಲ್ಲಿ, ನನ್ನ ಅಜ್ಜನ ಬಲೆಗೆ ಎಂದೆ. ಅವನು ಕುರ್ಚಿ ಎಳೆದುಕೊಂಡು ಕೂತ. ಈ ಬೊಟ್ಟುಗಳು ಚಿತ್ತಾರವಲ್ಲ, ತಗಡು ಜೋಡಿಸುವ ಮೊಳೆ, ರಿವೆಟ್ಟು ಎಂದ. ಇದು ಹಡಗಿನ ತಗಡಲ್ಲ, ವಿಮಾನದ ಮೈ. ಬಹುಶಃ ಜಲವಿಮಾನದ್ದು, ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವಂಥದ್ದು.

ನಾನು ನಕ್ಕುಬಿಟ್ಟೆ. ಹಾರಲು ಹೆದರುವ ಅಕ್ಕ, ಹುಟ್ಟಿದ ಹನ್ನೆರಡನೆಯ ದಿನವೇ ವಿಮಾನ ಹತ್ತಿದ್ದಳು! ಡಂಕನ್ ನಗಲಿಲ್ಲ. ನಾಳೆ ಇದನ್ನು ಹಿಡಿದುಕೊಂಡು ನಮ್ಮ ಶೆಡ್ಡಿಗೆ ಬರುತ್ತೀರಾ ಎಂದು ಕೇಳಿದ. ಅವನ ಕಪ್ಪಿನಲ್ಲಿದ್ದ ಚಾ ಹಾಗೇ ಆರಿಹೋಗಿತ್ತು.

ಶೆಡ್ಡು

ಬಂದರಿನ ತುದಿಯಲ್ಲಿ ಹಳೆಯ ತಗಡಿನ ಶೆಡ್ಡು. ಯುದ್ಧದ ಕಾಲದಲ್ಲಿ ಆ ಕೊಲ್ಲಿಯಿಂದಲೇ ಜಲವಿಮಾನಗಳು ಏಳುತ್ತಿದ್ದವಂತೆ. ಆಮೇಲೆ ಅವು ಒಂದೊಂದಾಗಿ ಗುಜರಿಗೆ ಹೋದವು. ಈಗ ಊರಿನ ನಿವೃತ್ತರು ಸೇರಿ, ಸಂಬಳವಿಲ್ಲದೆ, ಒಂದನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದಾರೆ. ಅದೇ ಅವರ ಸಂಗ್ರಹಾಲಯ. ರೆಕ್ಕೆಯ ಒಂದು ಭಾಗ ಯಾರದೋ ಕೋಳಿಗೂಡಿನ ಛಾವಣಿಯಾಗಿತ್ತಂತೆ, ಕೋಳಿಗಳಿಗೆ ಹೊಸ ಮಾಡು ಕಟ್ಟಿಸಿಕೊಟ್ಟು ತಂದರು. ಕಿಟಕಿಯೊಂದು ಸರೋವರದ ಕೆಸರಿನಿಂದ ಬಂತು. ಒಬ್ಬ ಹಲ್ಲಿನ ಡಾಕ್ಟರು ತನ್ನ ಹಳೆಯ ಸಲಕರಣೆಗಳಿಂದಲೇ ಗಡಿಯಾರದ ಮುಳ್ಳುಗಳ ತುಕ್ಕು ಕೆರೆಯುತ್ತಿದ್ದ. ಒಂದು ತುಂಡು ಎಲ್ಲಿ ಕೂರಬೇಕೆಂದು ಇಬ್ಬರು ಮುದುಕರು ನಮ್ಮ ಮೀನುಪೇಟೆಯ ಹೆಂಗಸರನ್ನು ಮೀರಿಸುವಂತೆ ಜಗಳವಾಡುತ್ತಿದ್ದರು. ಗಂಟೆ ಬಾರಿಸಿದ ಕೂಡಲೆ ಜಗಳ ಅಲ್ಲಿಗೇ ಬಿಟ್ಟು ಚಾ ಕುಡಿಯಲು ಹೋದರು.

"ಇದು ಮುಗಿಯುವ ಮೊದಲು ನಾವು ಮುಗಿಯುತ್ತೇವೆ," ಎಂದ ಡಂಕನ್. ಅವನಿಗೆ ಅದರ ಬೇಸರವಿದ್ದಂತೆ ಕಾಣಲಿಲ್ಲ.

ನಾನು ಆ ವಿಮಾನದ ಹೊಟ್ಟೆಯ ಕೆಳಗೆ ಹೋಗಿ ನಿಂತೆ. ಅದು ದೋಣಿಯೇ. ನಡುವೆ ನೀರು ಸೀಳುವ ಏಣು, ಎರಡೂ ಕಡೆ ಉಬ್ಬು. ಕೈ ತಾನಾಗಿ ಅದನ್ನು ಸವರಿತು. ನಮ್ಮೂರಿನ ರಂಪಣಿ ದೋಣಿಗಳು ನೆನಪಾದವು. ಯಂತ್ರದ ದೋಣಿಗಳು ಬಂದ ಮೇಲೆ ಅವು ದಂಡೆಯಲ್ಲಿ ಬಿದ್ದು ಬಿರುಕು ಬಿಟ್ಟವು, ಕೆಲವು ಒಲೆಗೆ ಹೋದವು. ಕಾರವಾರದ ಕಡಲತೀರದಲ್ಲಿ ಈಚೆಗೆ ಒಂದು ಯುದ್ಧನೌಕೆಯನ್ನು ಇಟ್ಟಿದ್ದಾರೆ, ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಜ್ಜ ನಿಂತು ಹುಟ್ಟು ಹಾಕಿದ ದೋಣಿಯ ಒಂದು ಹಲಗೆಯನ್ನಾದರೂ ನಾವು ಯಾರೂ ಎತ್ತಿಡಲಿಲ್ಲ. ಅದನ್ನು ನೆನೆದು ಆ ಪರದೇಶದ ಶೆಡ್ಡಿನಲ್ಲಿ ನನಗೆ ಬಹಳ ಸಂಕಟವಾಯಿತು.

ಮೂಲೆಯಲ್ಲಿ ಒಬ್ಬ ಮುದುಕಿ ವಿಮಾನದ ಬಾಲಕ್ಕೆ ಹೊದಿಸುವ ದಪ್ಪ ಬಟ್ಟೆಯನ್ನು ಹೊಲಿಯುತ್ತಿದ್ದಳು. ಹೆಸರು ಐಲ್ಸಾ. ಅವಳ ಅಣ್ಣ ಇಂಥದೇ ವಿಮಾನದಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ, ನನ್ನ ಹಾಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತವನು. ಅವಳು ಶಾಲೆಗೆ ಹೋಗುವಾಗಲೇ ಆ ವಿಮಾನ ಹಿಂದುಸ್ತಾನದ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದಲ್ಲಿ ಎಲ್ಲೋ ಕಾಣೆಯಾಯಿತು. ಎಲ್ಲಿ ಎಂದು ಯಾರಿಗೂ ಗೊತ್ತಾಗಲಿಲ್ಲ. ಇದನ್ನೆಲ್ಲ ಹೇಳಿದ್ದು ಡಂಕನ್. ಅವಳು ಸೂಜಿ ಕೆಳಗಿಟ್ಟು ಸುಮ್ಮನೆ ಹರಿವಾಣ ನೋಡುತ್ತಿದ್ದಳು.

ಎಲ್ಲರೂ ಮೇಜಿನ ಸುತ್ತ ಸೇರಿದರು. ಡಂಕನ್ ಭೂತಗನ್ನಡಿ ಹಿಡಿದು ಇಂಚಿಂಚು ಹುಡುಕಿದ. ಹೊರಗಿನ ಬಣ್ಣದ ಚೂರು ಇದ್ದರೆ, ಒಳಮೈಯಲ್ಲಿ ಕಾರ್ಖಾನೆಯವರು ಶಾಯಿಯಿಂದ ಒತ್ತಿದ ಅಂಕಿಯಿದ್ದರೆ, ಯಾವ ವಿಮಾನವೆಂದು ಹೇಳಬಹುದಂತೆ. ಅಂಥ ಶಾಯಿ ಉಪ್ಪುನೀರಿನಲ್ಲೂ ಉಳಿದದ್ದನ್ನು ಅವನು ಕಂಡಿದ್ದಾನೆ. ಇದರಲ್ಲಿ ಏನೂ ಇರಲಿಲ್ಲ. ಇಷ್ಟು ಸ್ವಚ್ಛವಾದ ತುಂಡನ್ನು ತಾನು ನೋಡಿಯೇ ಇಲ್ಲ ಎಂದ.

ಬಲೆಯಿಂದ ಬಂದ ದಿನವೇ ಅಜ್ಜಿ ಅದರ ಮೇಲಿದ್ದ "ಕಪ್ಪು ಕೊಳೆ"ಯನ್ನು ಮರಳು ಹಾಕಿ ತಿಕ್ಕಿದಳೆಂದು ಆಯಿ ಹೆಮ್ಮೆಯಿಂದ ಹೇಳುತ್ತಿದ್ದಳು. ಆಮೇಲೆ ಆಯಿ ತಿಕ್ಕಿದಳು, ಅಕ್ಕ ತಿಕ್ಕಿದಳು. ಪ್ರತಿ ಹೆರಿಗೆಗೂ ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಮೊನ್ನೆ ನಾನೂ ತಿಕ್ಕಿದೆ. ಮಡಿಯ ವಸ್ತುವಿನ ಮೇಲೆ ಒಂದು ಕಲೆ ಉಳಿಯಬಾರದೆಂದು ನಮ್ಮ ಮನೆಯ ಹೆಂಗಸರೆಲ್ಲ ಸೇರಿ ಒಬ್ಬ ಮನುಷ್ಯನ ಗುರುತನ್ನೇ ತಿಕ್ಕಿ ತೆಗೆದಿದ್ದೆವು. ಅದನ್ನು ಹಾಗೆಯೇ ಹೇಳಿದೆ. ಡಂಕನ್ ಕಣ್ಣು ಮುಚ್ಚಿಕೊಂಡ.

"ಪ್ರತಿ ಮಗುವಿಗೂ?" ಐಲ್ಸಾ ಕೇಳಿದಳು. ಅವಳ ದನಿ ಕೇಳಿದ್ದು ಅದೇ ಮೊದಲು. ಸಣ್ಣ ಹುಡುಗಿಯ ದನಿ.

"ಪ್ರತಿ ಮಗುವಿಗೂ."

"ಹಾಗಾದರೆ ಇದನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ," ಎಂದಳು.

ಹೊರಡುವಾಗ ಡಂಕನ್ ಬಾಗಿಲವರೆಗೆ ಬಂದು ಕೇಳಿದ, ಇದು ಇಲ್ಲಿಯೇ ಉಳಿಯಬಹುದೇ ಎಂದು. ಐಲ್ಸಾ ತಾನಾಗಿ ಕೇಳುವವಳಲ್ಲ, ಅದಕ್ಕೆ ನಾನು ಕೇಳುತ್ತಿದ್ದೇನೆ ಎಂದ. ಇದು ನನ್ನದಲ್ಲ, ಅಕ್ಕನದು, ಅವಳು ಕೊಡುವುದಿಲ್ಲ ಎಂದು ಹೇಳಿ ಬಂದೆ.

ಫೋನು

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಕೊನೆಗೆ ಫೋನ್ ಕಾರ್ಡು ಹಾಕಿ ದೇವಬಾಗಕ್ಕೆ ಫೋನು ಹಚ್ಚಿದೆ. ಎಲ್ಲ ಹೇಳಿದೆ. ಲೈನಿನಲ್ಲಿ ಬರುವ ಮೌನಗಳಲ್ಲಿ ಎಷ್ಟೋ ಬಗೆಯಿದೆ; ನೌಕರಿಯುದ್ದಕ್ಕೂ ಕೇಳಿದ್ದೇನೆ. ಅಕ್ಕನ ಮೌನ ಯಾವ ಬಗೆಯದೆಂದು ಅವತ್ತು ತಿಳಿಯಲಿಲ್ಲ.

"ಅದ್ರಲ್ಲಿ ಮನ್ಷರಿದ್ರಾ?"

"ಇದ್ರು ಅಕ್ಕ."

"ದೇವ್ರೇ. ಸತ್ತವ್ರ ವಿಮಾನ್ದಲ್ಲಿ ಮಕ್ಳ ಮಲಗ್ಸಿದ್ವಾ ನಾವು?"

ಇನ್ನು ಮುಗಿಯಿತು, ಶಾಂತಿ ಮಾಡಿಸಬೇಕು ಅನ್ನುತ್ತಾಳೆ ಅಂದುಕೊಂಡೆ.

"ಮಕ್ಳಿಗೆ ಯಾರಿಗೂ ಎಂತದೂ ಆಗ್ಲಿಲ್ಲ ಅಲ್ದಾ?" ತನಗೆ ತಾನೇ ಹೇಳಿಕೊಂಡಳು. "ಎಲ್ಲಾ ಸಮಾ ಬೆಳದ್ವು. ಅವ ಒಳ್ಳೇವ್ನೇ ಇದ್ದಿರ್ಬೇಕು." ಆಮೇಲೆ ನನ್ನನ್ನು ಕೇಳಿದಳು, "ಅದು ಅವ್ಳ ಅಣ್ಣನ ವಿಮಾನದ್ದೇ ಹೇಳಿ ಆ ಬಾಯಿಗೆ ಗೊತ್ತುಂಟಾ?"

"ಗೊತ್ತಿಲ್ಲ. ಇನ್ನು ಗೊತ್ತಾಗುದೂ ಇಲ್ಲ. ನಾವೇ ತಿಕ್ಕಿ ತೆಗ್ದೇವೆ."

"ಹಾಂಗಾರೆ ಕೊಟ್ಟು ಬಾ."

"ಅಕ್ಕ, ಸರಿ ಯೋಚ್ನೆ ಮಾಡು. ನಾಳೆ ಮೀರಾನ ಮಕ್ಳಿಗೆ ಬೇಕು ಅಂದ್ರೆ ಎಲ್ಲಿಂದ ತರೂದು? ಹೊರಗಿನವ್ರಿಗೆ ಕೊಡುಕಾಗ ಹೇಳಿ ನೀನೇ ಹೇಳ್ತಿದ್ದೆ."

"ನೀ ಒಂದ್ ಮಾತು ಕೇಳು. ನಾಳೆ ಯಾರಾರೂ ಬಂದು, ನಿಮ್ಮವ್ರ ದೋಣಿ ಹಲಗೆ ಮಸ್ಕತ್ತಲ್ಲಿ ಯಾರ್ದೋ ಮನೇಲಿ ಉಂಟು, ನಿಮ್ದೇ ಹೌದೋ ಅಲ್ದೋ ಗೊತ್ತಿಲ್ಲ ಅಂದ್ರೆ, ನಾ ಬ್ಯಾಡ ಹೇಳ್ತಿದ್ನಾ? ಓಡ್ಕಂಡ್ ಹೋಗ್ತಿದ್ದೆ. ವಿಮಾನ ಹತ್ತಿಯಾರೂ ಹೋಗ್ತಿದ್ದೆ ಮಾರಾಯ್ತಿ." ಫೋನು ಇಡುವ ಮುಂಚೆ ಅವಳಿಗೆ ಇನ್ನೊಂದು ನೆನಪಾಯಿತು. "ತಿಕ್ದೇ ಇದ್ರೆ ಕಪ್ಪಾಗ್ತದೆ ಹೇಳಿ ಅವ್ಳಿಗೆ ಹೇಳು."

ಮತ್ತೆ ಶೆಡ್ಡು

ಹರಿವಾಣ ಕೊಟ್ಟಾಗ ಡಂಕನ್ ಲೆಕ್ಕ ಹಾಕತೊಡಗಿದ. ಬಡಿದು ಚಪ್ಪಟೆ ಮಾಡಿದರೆ ಹೊಟ್ಟೆಯ ಈ ಜಾಗಕ್ಕೆ ಕೂರಿಸಬಹುದು, ರಿವೆಟ್ಟಿನ ಅಂತರ ಸರಿ ಹೊಂದುತ್ತದೆ ಎಂದ. ಬೇಡ, ಎಂದಳು ಐಲ್ಸಾ. ಮಡಿಸಿದ ಅಂಚು ಹಾಗೆಯೇ ಇರಲಿ. ಹಲ್ಲಿನ ಡಾಕ್ಟರು, ಆಗ ಇದು ವಿಮಾನದ ಭಾಗ ಅನಿಸಿಕೊಳ್ಳುವುದಿಲ್ಲವಲ್ಲ ಎಂದು ತಕರಾರು ತೆಗೆದ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ಸ್ಟೂಲಿನ ಮೇಲೆ ಕೂತು ಹರಿವಾಣವನ್ನು ಮಡಿಲಲ್ಲಿಟ್ಟುಕೊಂಡಳು. ಇದರಲ್ಲಿ ಮಲಗಿದ ಮಕ್ಕಳ ಹೆಸರು ಹೇಳಿ ಎಂದು ನನ್ನನ್ನು ಕೇಳಿದಳು.

ಹೇಳಿದೆ. ಮೊದಲು ಅಕ್ಕ, ಶಾರದಾ. ಆಮೇಲೆ ನಾನು. ತಮ್ಮಂದಿರು ಗಣಪತಿ, ವಿಠ್ಠಲ. ಅವರ ಮಕ್ಕಳು. ಸುಜಾತಾ. ಈಗ ಮೀರಾ. ಪ್ರತಿ ಹೆಸರನ್ನೂ ಅವಳು ತಿರುಗಿ ಹೇಳಿದಳು, ನಾನು ಅವಳ ಊರಿನ ಹೆಸರು ಕೆಡಿಸಿದಷ್ಟೇ ಚೆನ್ನಾಗಿ. ನಾನು ನಗಲಿಲ್ಲ. ಹೆಸರುಗಳು ಮುಗಿದ ಮೇಲೆ ಅವಳು ಹರಿವಾಣದ ಮೇಲೆ ಬಗ್ಗಿ, ನಾವು ಕೂಸಿನ ಕಿವಿಯಲ್ಲಿ ಹೇಳುವಷ್ಟೇ ಮೆಲ್ಲಗೆ, "ಇಯನ್" ಎಂದಳು. ಆಮೇಲೆ ಅತ್ತಳು. ಆ ದೇಶದವರು ಯಾರಾದರೂ ಅತ್ತರೆ ಬೇರೆ ಕಡೆ ನೋಡುತ್ತಾರೆ. ಮುದುಕರೆಲ್ಲ ಒಬ್ಬೊಬ್ಬರಾಗಿ ಚಾ ಕಾಸಲು ಹೋದರು. ನಾನು ಹೋಗಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೆ. ನಮ್ಮ ಕಡೆಯ ರೀತಿ ಅದು, ಅವಳು ಬೇಡ ಅನ್ನಲಿಲ್ಲ.

ಕಾಳಿ ಸೇತುವೆಯ ಆಚೆ

ಊರಿಗೆ ಬಂದ ಮರುದಿನ ಸೇತುವೆ ದಾಟಿ ದೇವಬಾಗಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಬಂಗಡೆ ಹೆಚ್ಚುತ್ತಿದ್ದಳು. ಕೂಸಿನ ಕೂದಲು, ಬಣ್ಣ, ಸುಜಾತಾಳ ಹಾಲು, ಲೇಹ್ಯ ಪೂರ್ತಿ ತಿಂದಳೇ, ಎಲ್ಲ ಕೇಳಿದಳು. ಫೋಟೋಗಳನ್ನು ಕೈ ಒದ್ದೆಯೆಂದು ಮುಟ್ಟದೆ, ನನ್ನಿಂದಲೇ ಹಿಡಿಸಿ ನೋಡಿದಳು. ಹರಿವಾಣದ ವಿಷಯ ಎತ್ತಲಿಲ್ಲ. ನಾನಾಗಿ ಹೇಳುವ ಧೈರ್ಯವಾಗಲಿಲ್ಲ. ಮೀನು ಅರ್ಧ ಮುಗಿದಿತ್ತು.

"ಆ ಬಾಯಿ ಅತ್ಲಾ?"

"ಅತ್ಲು ಅಕ್ಕ. ಮಡ್ಲಲ್ಲಿ ಇಟ್ಕಂಡು ಬಾಳ ಹೊತ್ತು ಅತ್ಲು."

ಅಕ್ಕ ಕತ್ತಿ ನಿಲ್ಲಿಸಿದಳು. ತೆಂಗಿನ ಮರಗಳಾಚೆ ಸಮುದ್ರ ಇತ್ತು, ಅವಳು ಆ ಕಡೆ ನೋಡಲಿಲ್ಲ.

"ಪುಣ್ಯವಂತೆ," ಅಂದಳು. "ನಂಗೆ ಮಡ್ಲಲ್ಲಿ ಇಟ್ಕಂಡು ಅಳುಕೆ ಒಂದು ಹಲಗೆ ಚೂರೂ ಸಿಗ್ಲಿಲ್ಲ ನೋಡು."